ಹಣ್ಣು ಹಂಚಿದ್ದಾಯಿತು, ಫೋಟೊ ಬಂತೇ?

ಆ ಫೋಟೊ ನೀವೂ ನೋಡಿರುತ್ತೀರಿ. ನಮ್ಮ ಕಡೆಯ ನಾಯಕರೊಬ್ಬರ ಹುಟ್ಟುಹಬ್ಬ, ವೃದ್ಧಾಶ್ರಮದಲ್ಲಿ ಹಣ್ಣು ವಿತರಣೆ. ಒಂದು ಬಾಳೆಹಣ್ಣು, ಅದನ್ನು ಹಿಡಿದ ಏಳು ಕೈ. ಎಂಟನೆಯ ಕೈ ಅಜ್ಜಿಯದು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅಜ್ಜಿ ಮಾತ್ರ ಗೋಡೆ ನೋಡುತ್ತಿದ್ದಾರೆ. ಕಣ್ಣಿನ ಪೊರೆ ತೆಗೆಸಲು ಇನ್ನೂ ಯಾರ ಹುಟ್ಟುಹಬ್ಬವೂ ಬಂದಿಲ್ಲ.

ಬಾಳೆಹಣ್ಣಿನ ಮಹಿಮೆಯೇ ಮಹಿಮೆ. ಸಕ್ಕರೆ ಕಾಯಿಲೆಯವರಿಗೆ ಕೊಟ್ಟರೂ ಪುಣ್ಯ ಕೊಟ್ಟವರ ಖಾತೆಗೇ ಜಮೆ. ಬೆಳಿಗ್ಗೆ ಒಂದು ಪಕ್ಷದವರು ತಂದರೆ ಮಧ್ಯಾಹ್ನ ಇನ್ನೊಂದು ಪಕ್ಷದವರು, ಸಂಜೆ ಯಾವುದೋ ಅಭಿಮಾನಿ ಬಳಗ. ಹೀಗೆ ದಿನಕ್ಕೆ ಮೂರು ಹೊತ್ತು ಸರಿಯಾಗಿ ಸಿಗುವುದು ಅದೊಂದೇ, ಮಾತ್ರೆಯಲ್ಲ. ಅಕ್ಟೋಬರ್ 1 ಹಿರಿಯರ ದಿನವಾದ್ದರಿಂದ ಅಂದು ಹಣ್ಣಿನ ಜೊತೆಗೆ ಶಾಲೂ ಬರುತ್ತದೆ. ಮಡಿಕೇರಿ ಚಳಿಗೆ ಶಾಲು ಒಳ್ಳೆಯದೇ. ಭಾಷಣ ಮುಗಿಯುವವರೆಗೆ ಕೂರಿಸಿದ ಅಜ್ಜನನ್ನು ಶೌಚಕ್ಕೆ ಕರೆದುಕೊಂಡು ಹೋಗುವವರು ಯಾರು ಎಂಬುದು ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಅತಿಥಿ ಸತ್ಕಾರಕ್ಕೇನೂ ಕೊರತೆಯಿಲ್ಲ ಬಿಡಿ. ಬೆಂಗಳೂರಿನಿಂದ ಎರಡು ರಾತ್ರಿಗೆ ಬರುವ ಹುಡುಗರಿಗೆ ಹೋಂಸ್ಟೇಯಲ್ಲಿ ಬಿಸಿನೀರು, ಜನರೇಟರ್, ಪಂದಿಕರಿ, ಕಡಂಬುಟ್ಟು, ಮೆಟ್ಟಿಲಿಗೆ ಹಿಡಿಕೆ, ಹೊರಡುವಾಗ 'ಐದು ಸ್ಟಾರ್ ಕೊಡಿ' ಎಂಬ ಪ್ರಾರ್ಥನೆ. ಹೋಂಸ್ಟೇ ನೋಂದಣಿ ಆಗಿದೆಯೇ ಎಂದು ಕೇಳುವವರೂ ಇದ್ದಾರೆ. ಬದುಕಿನ ಕೊನೆಯ ದಿನಗಳನ್ನು ಕಳೆಯಲು ಬಂದವರಿಗೆ ಸ್ಟಾರ್ ಕೊಡುವ ಅವಕಾಶವಿಲ್ಲ. ಮಕ್ಕಳು ತಿಂಗಳಿಗೊಮ್ಮೆ ದುಡ್ಡು ಕಳಿಸಿ, ವಿಡಿಯೊ ಕಾಲ್‌ನಲ್ಲಿ 'ಚೆನ್ನಾಗಿದ್ದೀರಾ?' ಎನ್ನುತ್ತಾರೆ. ಫೋನ್ ಹಿಡಿದುಕೊಂಡಿರುವವಳು ಆಶ್ರಮದ ಆಯಾ. ಅವಳ ಎದುರು ಇನ್ನೇನು ಹೇಳಿಯಾರು? ಚೆನ್ನಾಗಿದ್ದೇವೆ.

ಕಾನೂನು ಇಲ್ಲವೆಂದಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು, ಕನಿಷ್ಠ 150 ಬಡ ವೃದ್ಧರಿಗೆ ಜಾಗವಿರುವಂಥದ್ದು. ತೆರೆಯಲೇಬೇಕು ಎಂಬ ಒತ್ತಾಯವಿಲ್ಲ, ಪಾಪ. ಆಶ್ರಮಗಳೆಲ್ಲ ನೋಂದಣಿ ಆಗಬೇಕು, ಕನಿಷ್ಠ ಗುಣಮಟ್ಟ ಇರಬೇಕು ಎನ್ನುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ವಾಪಸು ಬಂತು, ಮಲಗಿತು. 2024ರಲ್ಲಿ ಸಭೆಯೇ ವಿಸರ್ಜನೆಯಾದಾಗ ಮಲಗಿದಲ್ಲೇ ತೀರಿಕೊಂಡಿತು. ಆರೈಕೆ ಇಲ್ಲದೆ ಹೋದವರ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಳ್ಳಿ.

ತಮಾಷೆ ಸಾಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಕೊಳೆಯುತ್ತದೆ, ಕೀವು ರಕ್ತಕ್ಕೇರಿ ಜೀವ ಹೋಗುತ್ತದೆ. ಆಮೇಲೆ 'ವಯಸ್ಸಾಗಿತ್ತು' ಎನ್ನುತ್ತಾರೆ. ವಯಸ್ಸಲ್ಲ ಸ್ವಾಮಿ, ರಾತ್ರಿ ಪಾಳಿಗೆ ಜನ ಇರಲಿಲ್ಲ. ಗಲಾಟೆ ಮಾಡುವವರಿಗೆ ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದರೆ ಒಬ್ಬಳೇ ಆಯಾ ಇಡೀ ಕಟ್ಟಡ ನೋಡಿಕೊಳ್ಳಬಹುದು ಎಂಬ ಲೆಕ್ಕಾಚಾರ ಯಾರದು? ಬೆನ್ನಿನ ಹುಣ್ಣು ಫೋಟೊದಲ್ಲಿ ಕಾಣುವುದಿಲ್ಲ, ಅಷ್ಟೇ.

ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಹೋಗಿ, ಬಚ್ಚಲಿನ ಪಾಚಿಯ ಮೇಲೆ ಕಾಲು ಜಾರಿ ಸೊಂಟ ಮುರಿದರೆ ಏನು ಮಾಡುವುದು? ಹಿರಿಯರ ಸಹಾಯವಾಣಿ ಇದೆ: 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೀಳುವವರು ದಯವಿಟ್ಟು ಆ ಹೊತ್ತಿನಲ್ಲೇ ಬೀಳಬೇಕು, ಅದೂ ನೆಟ್‌ವರ್ಕ್ ಇದ್ದಾಗ.