ಐದನೇ ತಲೆ

ಅಣ್ಣನ ಮಗ ಓದೋಕೆ ಅಂತ ಜರ್ಮನಿಗೆ ಹೋಗಿ ಎರಡು ತಿಂಗಳಾಯ್ತು. ಮೊನ್ನೆ ರಾತ್ರಿ ಮೆಸೇಜ್ ಹಾಕಿದ್ದ. "ಚಿಕ್ಕಪ್ಪ, ಕ್ಲಾಸಿನವರು ಶನಿವಾರ ಎಲ್ಲೋ ಹೋಗ್ತಿದ್ದಾರೆ, ನನ್ನನ್ನೂ ಕರೀತಿದ್ದಾರೆ. ಅಷ್ಟೇನೂ ಪರಿಚಯ ಇಲ್ಲ. ಹೋಗ್ಲಾ?"

"ಹೋಗು" ಅಂತ ಒಂದೇ ಮಾತು ಬರೆದು ಮಲಗಿದೆ. ನಿದ್ದೆ ಬರಲಿಲ್ಲ. ಅವನಿಗೆ ಹೇಳಬೇಕಾದ್ದು ಇನ್ನೂ ಬಹಳ ಇತ್ತು. ಅದಕ್ಕೇ ಇಲ್ಲಿ ಬರೀತಿದ್ದೇನೆ.

2018ರಲ್ಲಿ ನಾನು ಮ್ಯೂನಿಕ್‌ನಲ್ಲಿದ್ದೆ. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಶುಕ್ರವಾರ ಸಂಜೆ ಬ್ಯಾಗು ಹೆಗಲಿಗೇರಿಸಿದರೆ ಸೋಮವಾರ ಬೆಳಿಗ್ಗೆವರೆಗೆ ಯಾರಿಗೆ ಯಾರೂ ಇಲ್ಲ. ಭಾನುವಾರ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಅನ್ನ, ಸಾರು ಮಾಡಿಕೊಂಡು, ಊರಿಗೆ ವಿಡಿಯೋ ಕಾಲ್ ಮಾಡಿ, ಅಡಿಕೆ ರೇಟು ಎಷ್ಟಾಯ್ತು ಅಂತ ಕೇಳೋದು. ಮ್ಯೂನಿಕ್‌ನಲ್ಲಿ ಕೂತವನಿಗೆ ಅಡಿಕೆ ರೇಟು ಯಾಕೆ ಬೇಕೋ ದೇವರಿಗೇ ಗೊತ್ತು.

ಆಗ ಸಂಜೆ ಜರ್ಮನ್ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿನ ನಾಲ್ಕು ಜನ ಒಂದು ದಿನ "ಶನಿವಾರ ಬಾ" ಅಂತ ಕರೆದರು. ಟರ್ಕಿಯ ಒಬ್ಬಳು ಅಕ್ಕ, ಪೋಲೆಂಡಿನ ಒಬ್ಬ, ಬ್ರೆಜಿಲ್‌ನ ಗಂಡ ಹೆಂಡತಿ. ಪ್ರೀತಿ ಉಕ್ಕಿ ಕರೆದಿದ್ದಾರೆ ಅಂದುಕೊಂಡೆ. ವಿಷಯ ಆಮೇಲೆ ಗೊತ್ತಾಯ್ತು. ಅಲ್ಲಿ ಬವೇರಿಯಾ ಟಿಕೆಟ್ ಅಂತ ಒಂದಿದೆ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಇಡೀ ದಿನ ಆ ರಾಜ್ಯದ ಲೋಕಲ್ ಟ್ರೈನುಗಳಲ್ಲಿ ಓಡಾಡಬಹುದು. ಮೊದಲನೆಯವರಿಗೆ ದುಡ್ಡು ಜಾಸ್ತಿ, ಆಮೇಲೆ ಸೇರುವ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪವೇ. ಐದು ಜನ ಆದರೆ ತಲೆಗೆ ಬೀಳೋದು ತೀರಾ ಕಡಿಮೆ. ಅವರು ನಾಲ್ಕೇ ಜನ ಇದ್ದರು. ಒಂದು ತಲೆ ಬೇಕಿತ್ತು, ಅಷ್ಟೇ.

ಆ ಟಿಕೆಟ್ ಮೇಲೆ ಪ್ರಯಾಣಿಕರ ಹೆಸರು ಬರೆಯಬೇಕು. ಅಕ್ಕ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಒಬ್ಬೊಬ್ಬರದೇ ಬರೆದಳು. ನನ್ನ ಹೆಸರಿಗೆ ಬರುವಾಗ ಪೆನ್ನು ನಿಂತಿತು. ಅಕ್ಷರ ಅಕ್ಷರ ಹೇಳಿದೆ. ಸಾಲು ಮುಗಿಯಿತು, ಹೆಸರು ಮುಗಿಯಲಿಲ್ಲ. ಉಳಿದದ್ದನ್ನು ಅಂಚಿನಲ್ಲಿ ಮೇಲಕ್ಕೆ ಹತ್ತಿಸಿದಳು. ಎರಡು ತಿಂಗಳು ಒಂದೇ ಬೆಂಚಿನಲ್ಲಿ ಕೂತಿದ್ದರೂ ನನ್ನ ಪೂರ್ತಿ ಹೆಸರು ಅವರಿಗೆ ಗೊತ್ತಾದದ್ದು ಅವತ್ತೇ.

ಫ್ರೈಲಾಸಿಂಗ್‌ನಲ್ಲಿ ಟ್ರೈನು ಬದಲಿಸಿ ಬರ್ಷ್ಟೆಸ್‌ಗಾಡನ್, ಅಲ್ಲಿಂದ ಬಸ್ಸಲ್ಲಿ ಕ್ಯೋನಿಗ್ಸ್‌ಸೇ ಅನ್ನೋ ಸರೋವರ. ಹೋಗೋಕೇ ಮೂರು ತಾಸಿನ ಹತ್ತಿರ. ಕಾರಲ್ಲಿ ಹೋಗಿದ್ದರೆ ಒಬ್ಬ ಡ್ರೈವರ್, ಉಳಿದವರು ಅವನ ಋಣದಲ್ಲಿ. ಟ್ರೈನಲ್ಲಿ ಎಲ್ಲರೂ ಎದುರುಬದುರು ಕೂತು ಹರಕು ಮುರುಕು ಜರ್ಮನ್ನಲ್ಲಿ ಮಾತಾಡಲೇಬೇಕು. ನಾನು ಬುತ್ತಿಗೆ ಚಪಾತಿ, ಜೊತೆಗೆ ಅಮ್ಮ ಕಳಿಸಿದ್ದ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ತಗೊಂಡಿದ್ದೆ. ಪೋಲೆಂಡಿನವನು ಒಂದು ಇಡೀ ಮಿಡಿಯನ್ನು ಸೌತೆಕಾಯಿ ಉಪ್ಪಿನಕಾಯಿ ಅಂತ ತಿಳಿದು ಕಚಕ್ ಅಂತ ಕಚ್ಚಿದ. ಮುಖ ಕೆಂಪಾಯ್ತು. ಕಣ್ಣಲ್ಲಿ ನೀರು. ನೀರಿನ ಬಾಟಲಿ ಖಾಲಿ ಮಾಡಿ, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಇನ್ನೊಂದು ಇದೆಯಾ?" ಅಂದ. ಅವತ್ತಿಂದ ಅವನು ನನ್ನ ಗೆಳೆಯ.

ಆ ಸರೋವರದಲ್ಲಿ 1909ರಿಂದ ಕರೆಂಟಿನ ದೋಣಿಗಳೇ ಓಡುತ್ತಿವೆ. ಸದ್ದೇ ಇಲ್ಲ. ಎರಡೂ ಕಡೆ ಬಂಡೆ ಗೋಡೆ. ನಡುವೆ ದೋಣಿಯವನು ನಿಲ್ಲಿಸಿ ತುತ್ತೂರಿ ತೆಗೆದು ಒಂದು ಸಾಲು ಊದಿದ. ತಡೆದು, ಬಂಡೆ ಅದನ್ನೇ ವಾಪಸ್ ಊದಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ನನಗೆ ಮಾತ್ರ ನಮ್ಮೂರಿನ ಲಾಂಚ್ ನಿಲ್ಲುತ್ತಿದ್ದ ಹೊಳೆಬಾಗಿಲು ನೆನಪಾಯ್ತು. ನಮ್ಮದು ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಹಿನ್ನೀರು ಸುತ್ತುವರಿದ ಊರು. ಸಾಗರ ಪೇಟೆಗೆ ಹೋಗಬೇಕಂದ್ರೆ ಆಗೆಲ್ಲ ಲಾಂಚ್. ಬಸ್ಸು, ಜೀಪು, ಜನ ಎಲ್ಲ ಅದರ ಮೇಲೆ.

ದೋಣಿ ಇಳಿಯೋದು ಸೇಂಟ್ ಬಾರ್ಟೊಲೊಮೆ ಅನ್ನೋ ಜಾಗದಲ್ಲಿ. ಕೆಂಪು ಗುಮ್ಮಟದ ಸಣ್ಣ ಚರ್ಚು, ಹಿಂದೆ ವಾಟ್ಸ್‌ಮನ್ ಬೆಟ್ಟ. ಅಲ್ಲಿಗೆ ರಸ್ತೆ ಇಲ್ಲ. ಕೊನೆ ದೋಣಿ ತಪ್ಪಿದರೆ ಕೆಟ್ಟಿರಿ. ಬ್ರೆಜಿಲ್ ಜೋಡಿ ಬೆಟ್ಟದ ಬುಡದ ಹಿಮ ನೋಡಿ ಬರ್ತೀವಿ ಅಂತ ಹೋದರು. ಎಷ್ಟು ಹೊತ್ತಾದರೂ ಪತ್ತೆ ಇಲ್ಲ. ಉಳಿದವರು ಆರಾಮಾಗಿ ಬಿಯರ್ ಕುಡೀತಾ ಇದ್ದರು. ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ರಾತ್ರಿ ಕಳೆದವರ ಕತೆ ಕೇಳಿ ಬೆಳೆದವನು ನಾನು, ಹೊಟ್ಟೆಯಲ್ಲಿ ಕಲೆಸಿದ ಹಾಗಾಯ್ತು. ಕಾಡಿನ ದಾರಿಯಲ್ಲಿ ಅರ್ಧ ಕಿಲೋಮೀಟರ್ ಓಡಿದೆ. ಇಬ್ಬರೂ ಕೈ ಕೈ ಹಿಡಿದು ನಿಧಾನ ಬರ್ತಿದ್ದಾರೆ! ಬಾಯಿಗೆ ಜರ್ಮನ್ ಬರಲೇ ಇಲ್ಲ. "ಮಾರಾಯ್ರೇ, ಕೊನೆ ಲಾಂಚ್ ಹೋಗ್ತದೆ!" ಅಂತ ಕನ್ನಡದಲ್ಲೇ ಕೂಗಿದೆ. ಏನು ಅರ್ಥ ಆಯ್ತೋ, ಓಡಿ ಬಂದರು. ದೋಣಿ ಸಿಕ್ಕಿತು. ಅವತ್ತಿಂದ ನಾನು ಅಲ್ಲಿದ್ದಷ್ಟು ದಿನವೂ ನನ್ನ ಹೆಸರು "ಲಾಂಚ್". ಟಿಕೆಟ್ ಮೇಲೆ ಬರೆಯೋಕೂ ಸುಲಭ.

ಈಗ ನನ್ನ ಅಭಿಪ್ರಾಯ. ಹೊಸಬರ ಜೊತೆ ಹೋಗೋದಾದ್ರೆ ಒಂದೇ ದಿನಕ್ಕೆ ಹೋಗಬೇಕು. ರಾತ್ರಿ ಉಳಿದರೆ ಗೊರಕೆ, ಬಚ್ಚಲ ಸರದಿ, ಬೆಳಗಿನ ಸಿಡುಕು ಎಲ್ಲ ಬರುತ್ತದೆ. ಅಷ್ಟೆಲ್ಲ ಸಹಿಸೋಕೆ ಹಳೇ ಸ್ನೇಹವೇ ಬೇಕು. ಹೊಸ ಸ್ನೇಹಕ್ಕೆ ಸಂಜೆ ವಾಪಸ್ ಟ್ರೈನು ಇರಬೇಕು. ನಮ್ಮ ಮಲೆನಾಡಿನವರಿಗೆ ಇದು ತಲೆಗೇ ಹೋಗಲ್ಲ. ಮನೆಗೆ ಬಂದವರನ್ನು ಮೊದಲ ದಿನ ಜೋಗ, ಎರಡನೇ ದಿನ ಇಕ್ಕೇರಿ ಕೆಳದಿ, ಮೂರನೇ ದಿನ ಸಿಗಂದೂರು ಅಂತ ಸುತ್ತಿಸಿ, ಒಂದು ರೂಪಾಯಿ ಕೊಡೋಕೆ ಬಿಡದೆ, ತಿನ್ನಿಸಿ ತಿನ್ನಿಸಿ ಸುಸ್ತು ಮಾಡಿ ಕಳಿಸುತ್ತೇವೆ. ಪ್ರೀತಿಯೇ, ಇಲ್ಲ ಅನ್ನಲ್ಲ. ಆದರೆ ಅವರು ಕೊನೆವರೆಗೂ ನೆಂಟರಾಗಿಯೇ ಉಳೀತಾರೆ. ಆ ಶನಿವಾರ ನನ್ನನ್ನು ಯಾರೂ ಉಪಚಾರ ಮಾಡಲಿಲ್ಲ. ನನ್ನ ಪಾಲಿನ ದುಡ್ಡು ಲೆಕ್ಕ ಹಾಕಿ ತಗೊಂಡರು. ಚಿಲ್ಲರೆ ಸಮೇತ. ಆ ಮೂರು ತಾಸಿನ ವಾಪಸ್ ದಾರಿಯಲ್ಲಿ ನನಗೆ ಮೊದಲ ಸಲ ಊರು ನೆನಪಾಗಲಿಲ್ಲ.

2023ರಿಂದ ಜರ್ಮನಿಯಲ್ಲಿ ಇಡೀ ದೇಶದ ಲೋಕಲ್ ಟ್ರೈನು, ಬಸ್ಸುಗಳಿಗೆಲ್ಲ ನಡೆಯುವ ಮಾಸಿಕ ಪಾಸು ಬಂದಿದೆ. ಬಹಳ ಜನರ ಹತ್ತಿರ ಇದೆಯಂತೆ. ಐದನೇ ತಲೆ ಹುಡುಕೋ ಕೆಲಸ ಕಡಿಮೆಯಾಗಿರಬೇಕು. ಇಲ್ಲಿ 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆಯೇ ಆಯ್ತು. ರಾತ್ರಿ ಹೆರಿಗೆ ನೋವು ಬಂದರೆ ಏನು ಪಾಡು ಅಂತ ನೋಡಿದವರು ಸೇತುವೆ ಬೇಡ ಅನ್ನಲ್ಲ, ನಾನೂ ಅನ್ನಲ್ಲ. ಆದರೆ ಲಾಂಚಿಗೆ ಕಾಯ್ತಾ ಎಷ್ಟು ಜನರ ಪರಿಚಯ ಆಗಿತ್ತು, ಅಲ್ವಾ?

ಅಣ್ಣನ ಮಗ ಹೋಗಿ ಬಂದ. ಯಾವ ಊರು, ಏನು ನೋಡಿದ, ಒಂದೂ ಹೇಳಲಿಲ್ಲ. "ಚಿಕ್ಕಪ್ಪ, ಮಿಡಿ ಉಪ್ಪಿನಕಾಯಿ ಖಾಲಿ" ಅಂತ ಬರೆದಿದ್ದಾನೆ.

ಪೋಲೆಂಡಿನವನೂ ಈ ಡಿಸೆಂಬರಲ್ಲಿ ಇಂಡಿಯಾಕ್ಕೆ ಬರ್ತಾನಂತೆ. ನಮ್ಮ ಕಡೆಗೆ ಒಂದು ದಿನ ಅಂತ ಹೇಳಿದ್ದಾನೆ. ಅಮ್ಮನಿಗೆ ತಿಳಿಸಿದೆ.

"ಅಷ್ಟು ದೂರದಿಂದ ಬಂದವ್ರನ್ನ ಒಂದೇ ದಿನಕ್ಕೆ ಕಳ್ಸೂದಾ? ಎಂತ ಮಾತಾಡ್ತೀಯ ನೀನು" ಅಂತ ಅಂದು, ಮಹಡಿ ಮೇಲಿನ ಹಾಸಿಗೆ ಬಿಸಿಲಿಗೆ ಹಾಕೋಕೆ ಹೋದರು. ಡಿಸೆಂಬರಿಗೆ ಇನ್ನೂ ಮೂರು ತಿಂಗಳಿದೆ.