ಬಳ್ಳಿಗೆ ಕಾಯಿ ಭಾರವೇ? ಹೌದು, ಭಾರವೇ

‘ಬಳ್ಳಿಗೆ ಕಾಯಿ ಭಾರವೇ’ ಎಂಬ ಗಾದೆಯನ್ನು ಕಟ್ಟಿದವರು ಯಾರೇ ಇರಲಿ, ಅವರು ತಮ್ಮ ಜೀವಮಾನದಲ್ಲಿ ಒಂದು ಚಪ್ಪರವನ್ನೂ ಹಾಕಿದವರಲ್ಲ, ಒಂದು ಮಗುವನ್ನೂ ಹೆತ್ತವರಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ನಿನ್ನೆ ಹಣ್ಣು, ಬ್ರೆಡ್ಡು ಹಿಡಿದು ನನ್ನನ್ನು ನೋಡಲು ಬಂದ ಹಿರಿಯ ನೆಂಟರೊಬ್ಬರು, ನನ್ನ ನೈಟಿಯ ಅಂಚು ಜಗ್ಗುತ್ತಾ ಅಳುತ್ತಿದ್ದ ಮಗನನ್ನು ನಾನು ಎತ್ತಿಕೊಳ್ಳದೆ ನಿಂತಿದ್ದನ್ನು ಕಂಡು ಇದೇ ಗಾದೆಯನ್ನು ಹೇಳಿದರು. ಅಷ್ಟಕ್ಕೇ ಸುಮ್ಮನಾಗದೆ, ಅವನನ್ನು ತಾವೇ ಎತ್ತಿ ನನ್ನ ಸೊಂಟಕ್ಕೆ ಏರಿಸಲು ಬಂದರು. ನಾನು ಹಿಂದೆ ಸರಿದೆ. "ಎಂತ ಮಾರಾಯ್ತಿ, ಹೆತ್ತ ಮಗುನೇ ಬ್ಯಾಡಾಯ್ತಾ ನಿಂಗೆ?" ಎಂದರು. ಹಿರಿಯರೆಂಬ ಕಾರಣಕ್ಕೆ ಕಾಫಿ ಕೊಡಿಸಿ ಕಳುಹಿಸಿದೆ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. (ಅವರು ಫೇಸ್‌ಬುಕ್ಕಿನಲ್ಲಿ ಇಲ್ಲ. ಅವರ ಸೊಸೆ ಇದ್ದಾಳೆ, ಓದಿ ಹೇಳಲಿ.)

ನನಗೆ ಏನಾಗಿತ್ತು ಎಂಬುದು ಇಲ್ಲಿರುವ ಹೆಚ್ಚಿನವರಿಗೆ ತಿಳಿದಿದೆ. ತಿಳಿಯದವರು ಹೊಟ್ಟೆಯ ಆಪರೇಷನ್ ಎಂದುಕೊಂಡಿದ್ದಾರೆ, ಏಕೆಂದರೆ ನಮ್ಮ ಮನೆಯವರು ಊರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದಿದ್ದಾರೆ. ಹೊಟ್ಟೆಯದಲ್ಲ. ಎರಡನೆಯ ಹೆರಿಗೆಯಲ್ಲಿ ಬಹಳ ಹೊತ್ತು ಮುಕ್ಕಿ, ಕೊನೆಗೆ ಇಕ್ಕಳ ಹಾಕಿ ಮಗುವನ್ನು ತೆಗೆದ ಮೇಲೆ, ನನ್ನ ಗರ್ಭಕೋಶ ಜಾರಿತ್ತು. ಅದರೊಂದಿಗೆ ಮೂತ್ರಕೋಶವೂ ಕೆಳಕ್ಕೆ ಬಾಗಿತ್ತು. ವ್ಯಾಯಾಮ ಮಾಡಿದೆ, ಗರ್ಭಕೋಶ ಕೆಳಗಿಳಿಯದಂತೆ ಒಳಗಿನಿಂದ ಆನಿಸಿ ಹಿಡಿಯುವ ಸಿಲಿಕೋನ್ ಉಂಗುರವನ್ನು ಇರಿಸಿಕೊಂಡು ನೋಡಿದೆ. ಇನ್ನು ಮಕ್ಕಳು ಸಾಕೆಂದು ನಾವಿಬ್ಬರೂ ನಿರ್ಧರಿಸಿದ ಮೇಲೆ, ಗರ್ಭಕೋಶವನ್ನು ಒಳಗಿನ ಗಟ್ಟಿಯಾದ ಅಸ್ಥಿರಜ್ಜುವೊಂದಕ್ಕೆ (ಮೂಳೆಗಳನ್ನು ಬಿಗಿದು ಹಿಡಿಯುವ ನಾರಿನಂಥ ಪಟ್ಟಿ) ಹೊಲಿದು ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ಶಿವಮೊಗ್ಗದಲ್ಲಿ ಮಾಡಿಸಿಕೊಂಡೆ. ‘ತೆಗೆಸಿಯೇ ಬಿಡಬಹುದಿತ್ತಲ್ಲ, ಇನ್ನೇನು ಕೆಲಸ ಅದಕ್ಕೆ’ ಎಂದು ಕೇಳಿದವರಿಗೆ ಒಂದೇ ಉತ್ತರ: ತೆಗೆಸಿದ ಮಾತ್ರಕ್ಕೆ ತೊಂದರೆ ಮುಗಿಯುವುದಿಲ್ಲ, ಗರ್ಭಕೋಶವಿಲ್ಲದ ಯೋನಿಯ ಮೇಲ್ತುದಿಯೂ ಜಾರಬಹುದು. ಎಳೆಯ ವಯಸ್ಸಿನ ಹೆಂಗಸರಿಗಾಗಿ ಗರ್ಭಕೋಶವನ್ನು ಉಳಿಸಿಕೊಂಡೇ ಮೇಲಕ್ಕೆ ಬಿಗಿಯುವ ವಿಧಾನವನ್ನು ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್ ಕಳೆದ ಶತಮಾನದಲ್ಲಿಯೇ ರೂಪಿಸಿದ್ದರು. ಇದು ನಾನು ಹೊಸದಾಗಿ ಕಂಡುಕೊಂಡ ಶೋಕಿಯಲ್ಲ.

ನನ್ನ ಸಿಟ್ಟು ಇರುವುದು ಬೇರೆಯ ಕಡೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಭಾರ ಎತ್ತಬಾರದು’ ಎಂದು ಬರೆದಿದ್ದನ್ನು ನಮ್ಮ ಮನೆಯ ಪ್ರತಿಯೊಬ್ಬರೂ ಓದಿದ್ದಾರೆ, ಒಪ್ಪಿದ್ದಾರೆ, ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ನಾನು ಕೊಡಪಾನದ ಹತ್ತಿರ ಹೋದರೆ ಅತ್ತೆ ಕೊಟ್ಟಿಗೆಯಿಂದ ಓಡಿ ಬರುತ್ತಾರೆ. ಗ್ಯಾಸ್ ಸಿಲಿಂಡರ್ ಅನ್ನು ಕಾಲಿನಲ್ಲಿ ಸರಿಸಲೂ ಬಿಡುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವಾಗ ಗಾಜನೂರು ದಾಟಿ ಮಂಡಗದ್ದೆಯವರೆಗೂ ನನ್ನ ಗಂಡ ಒಂದೊಂದು ಹಂಪ್ ಬಂದಾಗಲೂ ಕಾರನ್ನು ನಿಲ್ಲಿಸಿದಷ್ಟು ನಿಧಾನ ಮಾಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, ಆಮೇಲೆ ದಾಟಿಸಿದರು. ಅಷ್ಟು ಜೋಪಾನವಾಗಿ ಕರೆತಂದ ನನ್ನನ್ನು ಅಂಗಳದಲ್ಲಿ ಇಳಿಸಿದ ಮರುಕ್ಷಣವೇ, ‘ಪಾಪ, ಅಮ್ಮನಿಗಾಗಿ ಹಂಬಲಿಸಿದೆ’ ಎಂದು ಮಗುವನ್ನು ತಂದು ನನ್ನ ತೋಳಿಗೆ ಕೊಡಲು ಬಂದರು. ನನ್ನ ಮಗನಿಗೆ ಎರಡು ವರ್ಷ ತುಂಬಿದೆ, ತೂಕ 12 ಕೆ.ಜಿ. ನೀರು ತುಂಬಿದ ಕೊಡಪಾನವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಕೊಡಪಾನ ಕೊಸರಾಡುವುದಿಲ್ಲ, ಹಿಂದಕ್ಕೆ ಬಾಗಿ ಬೆಕ್ಕನ್ನು ಹಿಡಿಯಲು ಹೋಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಮೊದಲ ಆರು ವಾರ 5 ಕೆ.ಜಿ.ಗಿಂತ ಹೆಚ್ಚಿನದೇನನ್ನೂ ಮುಟ್ಟಬೇಡಿ, ಮೂರು ತಿಂಗಳವರೆಗೆ ಭಾರದ ಕೆಲಸದ ಹೆಸರೆತ್ತಬೇಡಿ ಎಂದು ನನಗೆ ಹೇಳಿದ್ದಾರೆ. ಅದರಲ್ಲಿ ‘ಮಗುವೊಂದನ್ನು ಬಿಟ್ಟು’ ಎಂಬ ವಿನಾಯಿತಿ ಎಲ್ಲಿಯೂ ಇರಲಿಲ್ಲ.

ಭಾರ ಎತ್ತುವಾಗ ನಾವು ಉಸಿರು ಬಿಗಿಹಿಡಿಯುತ್ತೇವೆ. ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಕ್ಕೆ, ಹೊಲಿಗೆ ಹಾಕಿದ ಜಾಗದ ಮೇಲೆಯೇ ಬೀಳುತ್ತದೆ. ಮೇಲಿನ ದಾರ ಕೆಲವು ವಾರಗಳಲ್ಲಿ ಕರಗಿದರೂ ಒಳಗಿನ ಮಾಂಸ ಕೂಡಿಕೊಂಡು ಬಲವಾಗಲು ತಿಂಗಳುಗಳೇ ಬೇಕು. ಒಮ್ಮೆ ಎತ್ತಿದ ಕೂಡಲೇ ಎಲ್ಲವೂ ಕಿತ್ತು ಬರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ವರ್ಷದ ಮಗು ಒಮ್ಮೆ ಎತ್ತಿಸಿಕೊಂಡು ಸುಮ್ಮನಾಗುವ ಜೀವವೇ? ಅಮೆರಿಕದ ಒರೆಗಾನ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗರ್ಭಕೋಶ ಜಾರಿದ್ದಕ್ಕೋ ಮೂತ್ರ ಸೋರುವುದಕ್ಕೋ ಶಸ್ತ್ರಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ 29 ಮಂದಿ ಅದಾಗಲೇ ಒಮ್ಮೆ ಮಾಡಿಸಿಕೊಂಡವರಾಗಿದ್ದರು. ಆ ಸಾಲಿನಲ್ಲಿ ಮತ್ತೆ ಹೋಗಿ ನಿಲ್ಲುವ ಉಮೇದು ನನಗಿಲ್ಲ. ಅಸ್ಥಿರಜ್ಜುವಿಗೆ ಹಾಕಿದ ಹೊಲಿಗೆಯಿಂದಾಗಿ ಬಲ ಪೃಷ್ಠದ ಆಳದಲ್ಲಿ ಹಲ್ಲುನೋವಿನ ಹಾಗೆ ಒಂದು ನೋವು ಈಗಲೂ ಕುಟುಕುತ್ತದೆ, ಕುರ್ಚಿಯಲ್ಲಿ ಒಂದೇ ಬದಿಗೆ ಒರಗಿ ಕೂರುತ್ತೇನೆ. ಅದನ್ನು ಕಂಡವರು ‘ಸೊಕ್ಕು’ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಇನ್ನು ಹಿಂದಿನವರ ಮಾತು. ಎಂಟು ಹೆತ್ತರು, ಬಾಣಂತನ ಮುಗಿಸಿದವರೇ ಸೊಪ್ಪಿನ ಹೊರೆ ಹೊತ್ತರು, ಕಂಕುಳಲ್ಲಿ ಒಂದು ಮಗು, ತಲೆಯ ಮೇಲೊಂದು ಬುಟ್ಟಿ, ಅವರಿಗೆಲ್ಲ ಏನೂ ಆಗಲಿಲ್ಲವಲ್ಲ? ಆಯಿತು, ಮಹಾರಾಯರೇ, ಆಯಿತು. ನನ್ನ ಶಸ್ತ್ರಚಿಕಿತ್ಸೆಯ ಸುದ್ದಿ ಕೇಳಿ ಹೊಸನಗರದ ಕಡೆಯಿಂದ ಬಂದ ನನ್ನ ದೊಡ್ಡಮ್ಮ, ಕೋಣೆಯ ಬಾಗಿಲು ಮುಂದೆ ಮಾಡಿ, ಹಾಸಿಗೆಯ ಅಂಚಿನಲ್ಲಿ ಕುಳಿತು, ಜನ್ಮದಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟರು. ಬೆಳಿಗ್ಗೆ ಕೈಯಿಂದ ಒಳಕ್ಕೆ ತಳ್ಳಿ, ಹಳೆಯ ಸೀರೆಯ ತುಂಡನ್ನು ಲಂಗೋಟಿಯ ಹಾಗೆ ಬಿಗಿದು ತೋಟಕ್ಕೆ ಹೋಗುತ್ತಿದ್ದರಂತೆ. "ಮಲಗಿದ್ರೆ ಒಳಗೆ, ನಿಂತ್ರೆ ಹೊರಗೆ. ಯಾರ ಹತ್ರ ಹೇಳೂದು?" ಎಂದರು. ದೊಡ್ಡಪ್ಪನಿಗೂ ಗೊತ್ತಿರಲಿಲ್ಲವಂತೆ, ಅಥವಾ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದಿರಬೇಕು. ಹಿಂದಿನವರಿಗೆ ಏನೂ ಆಗಲಿಲ್ಲ ಎನ್ನುವವರು ದಯವಿಟ್ಟು ನಿಮ್ಮ ಮನೆಯ ಹಿರಿಯ ಹೆಂಗಸರೊಬ್ಬರ ಬಳಿ ಬಾಗಿಲು ಮುಂದೆ ಮಾಡಿ ಕುಳಿತು ಕೇಳಿ, ಅವರು ಹೇಳಿದ ಮೇಲೆ ನನ್ನೊಡನೆ ವಾದಕ್ಕೆ ಬನ್ನಿ.

ಮಗು ಮಾತ್ರವಲ್ಲ, ಶೌಚಕ್ಕೆ ಕುಳಿತು ಮುಕ್ಕುವುದೂ ಕೆಮ್ಮುವುದೂ ಭಾರವೇ. ಹಾಗಿದ್ದೂ ನನ್ನನ್ನು ಹಸಿ ಬಾಣಂತಿಯೆಂದು ತಿಳಿದು, ನೀರು ಹೆಚ್ಚು ಕುಡಿಯಬಾರದು, ಸೊಪ್ಪು ಶೀತ ಎಂದು ಪಥ್ಯ ಹೇಳುವವರಿಗೆ ಕೊರತೆಯಿಲ್ಲ. ಮಲಬದ್ಧತೆಯಾಗಲಿ ಎಂದು ಶಪಿಸಿದರೂ ಇಷ್ಟು ಕರಾರುವಾಕ್ಕಾಗಿ ಫಲಿಸುತ್ತಿರಲಿಲ್ಲ. ನಾನು ಬಸಳೆ, ಹರಿವೆಯನ್ನು ಬೇಯಿಸಿಕೊಂಡು ತಿನ್ನುತ್ತೇನೆ, ಚೊಂಬುಗಟ್ಟಲೆ ನೀರು ಕುಡಿಯುತ್ತೇನೆ, ವೈದ್ಯರು ಕೊಟ್ಟ ಸಿರಪ್ಪನ್ನು ತಪ್ಪಿಸುವುದಿಲ್ಲ. ಅಂಗನವಾಡಿಯಿಂದ ಮಗ ಹೊತ್ತು ತಂದ ನೆಗಡಿ ನನಗೂ ಅಂಟಿದಾಗ, ಕೆಮ್ಮು ಬರುವ ಮೊದಲೇ ಮಡಿಸಿದ ಟವೆಲನ್ನು ಕೆಳಗಿನಿಂದ ಒತ್ತಿ ಹಿಡಿಯುವುದನ್ನು ಕಲಿತೆ.

ಒಂದು ಮಾತು ಹೇಳಿಬಿಡುತ್ತೇನೆ, ಬೈದುಕೊಳ್ಳುವವರು ಬೈದುಕೊಳ್ಳಿ. ಮೂತ್ರದ ನಳಿಕೆ ಹಾಕಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದಾಗ ನನಗೆ ಸುಖವೆನಿಸಿತ್ತು. ನನ್ನ ಮೈಮೇಲೆ ಯಾರೂ ಹತ್ತುತ್ತಿರಲಿಲ್ಲ. ನರ್ಸ್ ಬಂದು ‘ನಾಳೆ ಮನೆಗೆ ಹೋಗಬಹುದು’ ಎಂದಾಗ ಮೊದಲು ಬಂದದ್ದು ಸಂತೋಷವಲ್ಲ. ಮನೆಗೆ ಬಂದ ಮೇಲೆ, ರಾತ್ರಿ ಬೆಚ್ಚಿಬಿದ್ದ ಮಗ ನನ್ನನ್ನು ದಾಟಿಕೊಂಡು ಹೋಗಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದದ್ದನ್ನು ಕಂಡು ಹೊಟ್ಟೆ ಉರಿಯಿತು ಎಂಬುದೂ ಅಷ್ಟೇ ಸತ್ಯ. ಇವೆರಡೂ ಒಬ್ಬಳಲ್ಲಿಯೇ ಹೇಗಿರುತ್ತವೆ ಎಂದು ಕೇಳಬೇಡಿ, ಇರುತ್ತವೆ.

ಆದ್ದರಿಂದ, ಎತ್ತಿಕೊಳ್ಳದ ತಾಯಿಯ ಮಗುವಿನ ಮನಸ್ಸು ಒಡೆಯುತ್ತದೆ ಎಂಬ ಉಪದೇಶವನ್ನು ನನಗೆ ಯಾರೂ ಕೊಡುವುದು ಬೇಡ. ಅವನ ಮನಸ್ಸು ನಿಮಗಿಂತ ಚುರುಕಾಗಿದೆ. ಜಗಲಿಯ ಕೆಳಗೆ ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟಿದ್ದೇವೆ. ನಾನು ಜಗಲಿಯಲ್ಲಿ ಕಾಲು ಚಾಚಿ ಕುಳಿತರೆ, ಅವನು ಮಣೆಯ ಮೇಲೆ ಒಂದು ಮೊಣಕಾಲು, ಜಗಲಿಯ ಮೇಲೆ ಎರಡೂ ಅಂಗೈ, ಆಮೇಲೆ ಹೊಟ್ಟೆ ಎಳೆದುಕೊಂಡು, ಅರ್ಧ ಚಡ್ಡಿ ಜಾರಿಸಿಕೊಂಡು ತಾನೇ ಹತ್ತಿ ಬಂದು ಮಡಿಲಲ್ಲಿ ಕೂರುತ್ತಾನೆ. ‘ಎತ್ಕೋ’ ಎನ್ನುತ್ತಿದ್ದವನು ಈಗ ‘ಅಮ್ಮ, ಕೂತ್ಕೋ’ ಎನ್ನುತ್ತಾನೆ. ಅವನ ಹಾಸಿಗೆಯನ್ನು ನೆಲಕ್ಕೆ ಇಳಿಸಿದ್ದೇವೆ, ಸ್ನಾನ ಅವನ ಅಪ್ಪನ ಪಾಲಿಗೆ ಬಂದಿದೆ. ಮನೆಯಲ್ಲಿ ಎತ್ತಿಕೊಳ್ಳುವವರು ಬೇರೆ ಯಾರೂ ಇಲ್ಲದ, ಕೂಲಿಗೆ ಹೋಗುವ ಹೆಂಗಸರಿಗೆ ಈ ಅನುಕೂಲವಿಲ್ಲ ಎಂಬುದು ನನಗೆ ಗೊತ್ತು. ಗತ್ಯಂತರವಿಲ್ಲದಾಗ ಒಂದು ಮಂಡಿ ಊರಿ, ಮಗುವನ್ನು ಎದೆಗೆ ಒತ್ತಿಕೊಂಡು, ಉಸಿರು ಹೊರಗೆ ಬಿಡುತ್ತಾ ಏಳಬೇಕೆಂದು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದಾರೆ. ಅದೂ ವೈದ್ಯರು ಒಪ್ಪಿದ ಮೇಲೆ.

ಇನ್ನು, ಬಳ್ಳಿಗೆ ಕಾಯಿ ಭಾರವಲ್ಲ ಎನ್ನುವವರ ಮನೆಯ ಹಿತ್ತಿಲನ್ನು ನಾನು ನೋಡಿದ್ದೇನೆ. ಚಪ್ಪರದಿಂದ ಇಳಿಬಿದ್ದ ಬೂದುಗುಂಬಳಕ್ಕೆ ತೆಂಗಿನ ಹಗ್ಗದ ಜೋಳಿಗೆ ಕಟ್ಟಿ ಮೇಲಿನ ಗಳಕ್ಕೆ ತೂಗುಹಾಕಿದ್ದರು. ಬಳ್ಳಿ ಹರಿದೀತೆಂಬ ಕಾಳಜಿ.

ಕಳೆದ ಸಲ ತೋರಿಸಲು ಹೋದಾಗ ವೈದ್ಯರನ್ನು ಕೇಳಿ, ‘ಭಾರ ಎತ್ತಬಾರದು’ ಎಂಬ ಸಾಲಿನ ಮುಂದೆ ‘ಮಗುವನ್ನೂ’ ಎಂದು ಪೆನ್ನಿನಲ್ಲಿ ಬರೆಸಿಕೊಂಡು ಬಂದಿದ್ದೇನೆ. ಅವರು ನಕ್ಕರು, ಎಲ್ಲ ತಾಯಂದಿರ ಚೀಟಿಗೂ ಅದನ್ನು ಬರೆಯಿರಿ ಎಂದಾಗ ನಗಲಿಲ್ಲ. ಚೀಟಿ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಮನೆಗೆ ಜನ ಬರುವುದು ಹೆಚ್ಚು. ಎಲ್ಲರೂ ಬನ್ನಿ, ಮಗುವನ್ನು ಎಷ್ಟು ಹೊತ್ತು ಬೇಕಾದರೂ ಎತ್ತಿಕೊಳ್ಳಿ, ಅವನು ಎಲ್ಲರ ಹತ್ತಿರವೂ ಬರುತ್ತಾನೆ. ಕೈ ಸೋತಾಗ ನೆಲಕ್ಕೆ ಬಿಡಿ, ನನ್ನ ಕೈಗೆ ಕೊಡಬೇಡಿ.