ಸ್ಪೇಸ್ ಬಾರ್ ಸವೆಯಿತು, ಶೀರ್ಷಿಕೆ ಮಧ್ಯಕ್ಕೆ ಬರಲಿಲ್ಲ

ಟಕ್ ಟಕ್ ಟಕ್ ಟಕ್. ಆಫೀಸಿನಲ್ಲಿ ಈ ಸದ್ದು ಒಂದೇ ಸಮನೆ ಕೇಳಿಬಂದರೆ ನನಗೆ ತಲೆ ಎತ್ತಿ ನೋಡುವುದೇ ಬೇಕಿಲ್ಲ, ಯಾರೋ ಶೀರ್ಷಿಕೆಯನ್ನು ಪುಟದ ಮಧ್ಯಕ್ಕೆ ತಳ್ಳುತ್ತಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಕೆಟ್ಟು ನಿಂತ ಗಾಡಿಯನ್ನು ತಳ್ಳುವ ಹಾಗೆ. ಒಂದು ಸ್ಪೇಸ್, ಇನ್ನೊಂದು ಸ್ಪೇಸ್, ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ ಒಂದು ಕಣ್ಣು ಮುಚ್ಚಿ ನೋಡುವುದು, 'ಇನ್ನೂ ಒಂದೆರಡು ಬೇಕು' ಅಂತ ಗೊಣಗಿ ಮತ್ತೆ ಎರಡು. ಮೊನ್ನೆ ನಮ್ಮ ಹಿರಿಯರೊಬ್ಬರು ಹೀಗೆ ತಳ್ಳುತ್ತಿದ್ದಾಗ ಸುಮ್ನೆ ಕೂತು ಎಣಿಸಿದೆ. 37 ಏಟು. ಅಷ್ಟಾದ ಮೇಲೆ 'ಸುತ್ತೋಲೆ' ಎಂಬ ಮೂರಕ್ಷರ ಮಧ್ಯದ ಹತ್ತಿರ ಎಲ್ಲೋ ಬಂದು ನಿಂತಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಕ್ಷರ ಚಿಕ್ಕದಾಯಿತು ಅನ್ನಿಸಿ ಇಡೀ ಸಾಲನ್ನು ಸೆಲೆಕ್ಟ್ ಮಾಡಿ ಸೈಜನ್ನು 14ರಿಂದ 18ಕ್ಕೆ ಏರಿಸಿದರು. ಅಕ್ಷರದ ಜೊತೆ ಆ 37 ಸ್ಪೇಸ್‌ಗಳೂ ಮೈ ತುಂಬಿಕೊಂಡವು. ಶೀರ್ಷಿಕೆ ಬಲಕ್ಕೆ ನಡೆದು ಹೋಯಿತು.

'ಸರ್, ಕಂಟ್ರೋಲ್ ಇ ಒತ್ತಿ, ಮಧ್ಯಕ್ಕೆ ಬರುತ್ತೆ' ಅಂದೆ.

ಕನ್ನಡಕದ ಮೇಲಿಂದ ನೋಡಿದರು. 'ಅದೆಲ್ಲಾ ಶಾರ್ಟ್‌ಕಟ್ ಕಣ್ರೀ. ನಾವು ಕೆಲಸ ನೀಟಾಗಿ ಮಾಡೋರು.'

ಆಗ ನನಗೆ ತಿಳಿಯಿತು, ತಪ್ಪು ಅವರದಲ್ಲ, ಹೆಸರಿಟ್ಟವರದ್ದು. ಶಾರ್ಟ್‌ಕಟ್ ಅಂದರೆ ನಮ್ಮ ಕಿವಿಗೆ ಕೇಳಿಸುವುದು ಅಡ್ಡದಾರಿ. ಅಡ್ಡದಾರಿ ಹಿಡಿದವರು ಯಾರು ಉದ್ಧಾರ ಆಗಿದ್ದಾರೆ? ಎರಡು ಬೆರಳಲ್ಲಿ ಅರೆಕ್ಷಣದಲ್ಲಿ ಮುಗಿಯುವುದು ಕೆಲಸ ಹೇಗಾದೀತು? ಬೆವರು ಬರಬೇಕು, ಮೌಸ್ ಮೇಜಿನ ಅಂಚಿನವರೆಗೆ ಹೋಗಿ ಅಲ್ಲಿ ಜಾಗ ಸಾಲದೆ ಎತ್ತಿ ಮತ್ತೆ ಇಡಬೇಕು, ನಾಲ್ಕು ಜನ ಬಂದು ಹಿಂದೆ ನಿಂತು 'ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ' ಅನ್ನಬೇಕು. ಆಗ ಅದು ಕೆಲಸ.

ನ್ಯಾಯವಾಗಿ ಹೇಳಬೇಕೆಂದರೆ ಈ ಸ್ಪೇಸ್ ಬಾರ್ ಭಕ್ತಿಗೆ ಒಂದು ದೊಡ್ಡ ಪರಂಪರೆಯೇ ಇದೆ. ಟೈಪ್‌ರೈಟರ್ ಕಾಲದಲ್ಲಿ ಶೀರ್ಷಿಕೆಯನ್ನು ಮಧ್ಯಕ್ಕೆ ತರುವುದು ನಿಜವಾದ ವಿದ್ಯೆ. ಕಾಗದದ ನಡುಮಧ್ಯಕ್ಕೆ ಹೋಗಿ ನಿಂತು, ಶೀರ್ಷಿಕೆಯ ಅಕ್ಷರ ಎಣಿಸಿ, ಎರಡು ಅಕ್ಷರಕ್ಕೆ ಒಂದರಂತೆ ಬ್ಯಾಕ್‌ಸ್ಪೇಸ್ ಒತ್ತಿ ಹಿಂದೆ ಬಂದು ಅಲ್ಲಿಂದ ಹೊಡೆಯಲು ಶುರು ಮಾಡಬೇಕಿತ್ತು. ಕಣ್ಣಂದಾಜು ಇಲ್ಲ, ಪಕ್ಕಾ ಲೆಕ್ಕ. ನಾವು ಏನು ಮಾಡಿದೆವು ಅಂದರೆ ಅವರ ಲೆಕ್ಕವನ್ನು ಬಿಟ್ಟು ಅವರ ಕುಟ್ಟುವಿಕೆಯನ್ನು ಮಾತ್ರ ಉಳಿಸಿಕೊಂಡೆವು. ಅಡಿಗೆರೆಯ ಕಥೆಯೂ ಅಷ್ಟೇ. ಆ ಯಂತ್ರದಲ್ಲಿ ದಪ್ಪಕ್ಷರಕ್ಕೆ ಬೇರೆ ಕೀಲಿ ಇರಲಿಲ್ಲ, ಓರೆ ಅಕ್ಷರವಂತೂ ಕೇಳಲೇಬೇಡಿ, ಆದ್ದರಿಂದ ಯಾವುದಾದರೂ ಮುಖ್ಯ ಅಂತ ತೋರಿಸಬೇಕಾದರೆ ಹಿಂದೆ ಬಂದು ಕೆಳಗೆ ಗೀಟು ಎಳೆಯುತ್ತಿದ್ದರು. ಈಗ ದಪ್ಪ ಮಾಡುವ ಬಟನ್ ಕಣ್ಣೆದುರೇ ಇದೆ. ಆದರೂ ಗೀಟು ಬಿಡುವ ಹಾಗಿಲ್ಲ.

ಕನ್ನಡದಲ್ಲಿ ಈ ಗೀಟು ಮಾಡುವ ಅನ್ಯಾಯ ಇನ್ನೂ ಜಾಸ್ತಿ. ಇಂಗ್ಲಿಷ್ ಅಕ್ಷರಗಳು ಹೆಚ್ಚಿನವು ಗೆರೆಯ ಮೇಲೆ ಕೂರುತ್ತವೆ. ನಮ್ಮ ಒತ್ತಕ್ಷರಗಳು ಕೆಳಗೆ ನೇತಾಡುತ್ತವೆ. 'ಸುತ್ತೋಲೆ'ಗೆ ಕಂಟ್ರೋಲ್ ಯು ಒತ್ತಿ ನೋಡಿ, ಗೀಟು ಸೀದಾ ತಕಾರದ ಒತ್ತಿನ ಕುತ್ತಿಗೆಯ ಮೇಲೆ ಹರಿಯುತ್ತದೆ. ಪದವನ್ನು ಎತ್ತಿ ಹಿಡಿಯಲು ಹೋಗಿ ಅದನ್ನೇ ಹೊಡೆದು ಹಾಕಿದ ಹಾಗೆ ಕಾಣುತ್ತದೆ, ಆದರೆ ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಅದು ದಪ್ಪವೂ ಆಗಿರುತ್ತದೆ, ಓರೆಯೂ ಆಗಿರುತ್ತದೆ, ಕೆಂಪೂ ಆಗಿರುತ್ತದೆ, ಮೇಲೆ ಉದ್ಧರಣ ಚಿಹ್ನೆ ಬೇರೆ. ಒಂದು ಪುಟದಲ್ಲಿ ಎಲ್ಲವೂ ದಪ್ಪಗಿದ್ದರೆ ಯಾವುದು ಮುಖ್ಯ ಅಂತ ಒಮ್ಮೆ ಕೇಳಿದ್ದೆ. 'ಎಲ್ಲಾ ಮುಖ್ಯಾನೇ' ಎಂದರು. ಸರಿ ಬಿಡಿ.

ಈ ಸಮಸ್ಯೆ ಬಗೆಹರಿದು ಎಷ್ಟು ಕಾಲವಾಯಿತು ಗೊತ್ತಾ? ಝೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತಿತರರು ಬ್ರಾವೋ ಎಂಬ ಪ್ರೋಗ್ರಾಂ ಮಾಡಿದ್ದು 1974ರಲ್ಲಿ. ಪರದೆಯ ಮೇಲೆ ಹೇಗೆ ಕಾಣುತ್ತದೋ ಹಾಗೇ ಕಾಗದದ ಮೇಲೂ ಬರಬೇಕು ಎಂಬುದು ಅದರ ಹಟ. ಅದೇ ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು, 1983ರಲ್ಲಿ ವರ್ಡ್ ಹೊರಬಂತು. ಆಗ ಹುಟ್ಟಿದ ಮಕ್ಕಳು ಈಗ ನಲವತ್ತು ದಾಟಿ, ಆಫೀಸುಗಳಲ್ಲಿ ಕೂತು, ಸ್ಪೇಸ್ ಬಾರ್ ಕುಟ್ಟುತ್ತಿದ್ದಾರೆ. ಇವರ ಬಯೋಡೇಟಾದಲ್ಲಿ 'ಎಂಎಸ್ ಆಫೀಸ್‌ನಲ್ಲಿ ಪರಿಣತಿ' ಎಂಬ ಸಾಲೂ ಇರುತ್ತದೆ. ಆ ಸಾಲನ್ನೂ ಸ್ಪೇಸ್ ಒತ್ತಿಯೇ ಬಲಕ್ಕೆ ಸರಿಸಿರುತ್ತಾರೆ.

ಶಾರ್ಟ್‌ಕಟ್‌ಗಳು ಹಾಲಿನಲ್ಲಿ ತೊಳೆದಷ್ಟು ಶುದ್ಧ ಅಂತ ನಾನು ಹೇಳುತ್ತಿಲ್ಲ. ಬಿ ಅಂದರೆ ಬೋಲ್ಡ್, ಐ ಅಂದರೆ ಇಟಾಲಿಕ್, ಎಲ್ ಎಡಕ್ಕೆ, ಆರ್ ಬಲಕ್ಕೆ, ಇಷ್ಟು ನೆಟ್ಟಗಿದೆ. ಸೆಂಟರ್‌ಗೆ ಮಾತ್ರ ಇ ಯಾಕೆ? ಸಿ ಆಗಲೇ ಕಾಪಿಯ ಪಾಲಾಗಿದೆ. ಆ ಇ ಪಕ್ಕದಲ್ಲೇ ಡಬ್ಲ್ಯು ಕೂತಿದೆ, ಕಂಟ್ರೋಲ್ ಡಬ್ಲ್ಯು ಒತ್ತಿದರೆ ಫೈಲೇ ಮುಚ್ಚುತ್ತದೆ. ನನ್ನ ಮಾತು ಕೇಳಿ ಮೊದಲ ಸಲ ಧೈರ್ಯ ಮಾಡಿದ ಪುಣ್ಯಾತ್ಮರೊಬ್ಬರ ಬೆರಳು ಅಲ್ಲಿಗೇ ಬಿತ್ತು. 'ಸೇವ್ ಮಾಡಬೇಕಾ?' ಅಂತ ಅದು ಕೇಳಿತು, ಇವರು ಗಾಬರಿಯಲ್ಲಿ ಬೇಡ ಅಂದರು. ಅವತ್ತಿಂದ ನಾನು ಯಾರಿಗೂ ಉಪದೇಶ ಮಾಡುವ ಮೊದಲು ಕಂಟ್ರೋಲ್ ಎಸ್ ಒತ್ತಿಸುತ್ತೇನೆ. ಸಾಲದ್ದಕ್ಕೆ ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ಶಾಸ್ತ್ರ. ಮೀಟರ್ ಸ್ಕ್ವೇರ್‌ನ ಆ ಪುಟಾಣಿ 2 ಅನ್ನು ಮೇಲಕ್ಕೆ ಏರಿಸಲು ವರ್ಡ್‌ನಲ್ಲಿ ಕಂಟ್ರೋಲ್ ಶಿಫ್ಟ್ ಮತ್ತು ಸಮ ಚಿಹ್ನೆ, ಲಿಬ್ರೆ ಆಫೀಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ, ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಒಂದು ಚುಕ್ಕಿ. ಮಠಕ್ಕೊಂದು ಮಡಿ. ಇನ್ನು ಶಿಫ್ಟ್ ಎಫ್3 ಒತ್ತಿದರೆ ಸಣ್ಣಕ್ಷರ ದೊಡ್ಡಕ್ಷರ ಆಗುತ್ತದೆ, ಅದು ಕನ್ನಡಕ್ಕೆ ಹೇಗೂ ಬೇಡ, ನಮ್ಮಲ್ಲಿ ಅಕ್ಷರಗಳಿಗೆ ಆ ಮೇಲು ಕೀಳು ಇಲ್ಲ.

ಆದರೆ ತಮಾಷೆ ನೋಡಿ. 2007ರ ವರ್ಡ್‌ನಲ್ಲಿ ಹಳೆಯ ಮೆನುಗಳನ್ನೆಲ್ಲ ಕಿತ್ತು ಹಾಕಿ ಮೇಲೆ ರಿಬ್ಬನ್ ಎಂಬ ಬಟನ್‌ಗಳ ಪಟ್ಟಿ ಕಟ್ಟಿದಾಗ ಮೌಸ್ ಹಿಡಿದವರೆಲ್ಲ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ಅಲೆದರು. ಕಂಟ್ರೋಲ್ ಬಿ ಎಲ್ಲಿತ್ತೋ ಅಲ್ಲೇ ಇತ್ತು. ಅಡ್ಡದಾರಿ ಉಳಿಯಿತು, ರಾಜಮಾರ್ಗವನ್ನೇ ಅಗೆದು ಹಾಕಿದ್ದರು.

ಸ್ಪೇಸ್ ಬಾರ್‌ನ ಅಣ್ಣ ಎಂಟರ್. ಹೊಸ ಅಧ್ಯಾಯ ಹೊಸ ಪುಟದಲ್ಲಿ ಬರಬೇಕೆಂದರೆ ಇಪ್ಪತ್ತು ಇಪ್ಪತ್ತೆರಡು ಸಲ ಎಂಟರ್. ಮೇಲೆ ಎಲ್ಲೋ ಒಂದು ಸಾಲು ಸೇರಿಸಿದಿರೋ, ಅಧ್ಯಾಯದ ಹೆಸರು ಹೊಸ ಪುಟದಲ್ಲಿ ಒಂದು ಸಾಲು ಕೆಳಗಿಳಿಯಿತು. ಒಂದು ಸಾಲು ತೆಗೆದಿರೋ, ಹೆಸರು ಹಳೆ ಪುಟದ ಬುಡದಲ್ಲಿ, ಅಧ್ಯಾಯ ಮಾತ್ರ ಹೊಸ ಪುಟದಲ್ಲಿ. ಕಂಟ್ರೋಲ್ ಎಂಟರ್ ಒಮ್ಮೆ ಒತ್ತಿದರೆ ಮುಗಿಯುವ ಮಾತು. ಪರಿವಿಡಿಯದು ಇನ್ನೂ ಘೋರ. ಅಧ್ಯಾಯದ ಹೆಸರಿನಿಂದ ಪುಟದ ಸಂಖ್ಯೆಯವರೆಗೆ ಕೈಯಲ್ಲೇ ಚುಕ್ಕಿ ಇಡುತ್ತಾರೆ, ಒಂದೊಂದಾಗಿ, ರಂಗೋಲಿ ಇಟ್ಟ ಹಾಗೆ. ಆ ಸಂಖ್ಯೆಗಳು ಒಂದಕ್ಕೊಂದು ಕೆಳಗೆ ಸರಿಯಾಗಿ ಕೂರಲಿ ಅಂತ ಚುಕ್ಕಿ ತೆಗೆದು ಸ್ಪೇಸ್, ಸ್ಪೇಸ್ ತೆಗೆದು ಚುಕ್ಕಿ. ಕಂಟ್ರೋಲ್ ಆಲ್ಟ್ 1 ಒತ್ತಿ ಅಧ್ಯಾಯದ ಹೆಸರುಗಳನ್ನು ಹೆಡಿಂಗ್ ಮಾಡಿಟ್ಟರೆ ಪರಿವಿಡಿಯನ್ನು ಅದೇ ಕಟ್ಟಿಕೊಡುತ್ತದೆ, ಪುಟ ಬದಲಾದರೆ ಒಂದು ಅಪ್‌ಡೇಟ್ ಕೊಟ್ಟರಾಯಿತು. ಇದನ್ನು ಒಮ್ಮೆ ಮಾಡಿ ತೋರಿಸಿದೆ. 'ಇಷ್ಟು ಬೇಗ ಆಯ್ತಾ? ಸರಿಯಾಗಿ ನೋಡಿದ್ರಾ?' ಅಂತ ಅನುಮಾನದಿಂದ ಕೇಳಿ, ಪಕ್ಕದವರಿಗೆ ಕೊಟ್ಟು ಕೈಯಲ್ಲೇ ಮತ್ತೊಂದು ಮಾಡಿಸಿದರು. ಅದಕ್ಕೆ ಒಂದು ಪೂರ್ತಿ ದಿನ ಹಿಡಿಯಿತು. ಅವರಿಗೆ ಎಲ್ಲರೆದುರು ಹೊಗಳಿಕೆ, ನನಗೆ ಎರಡು ಹೆಚ್ಚುವರಿ ಫೈಲು, 'ಇವರ ಹತ್ರ ಟೈಮ್ ಇದೆ' ಎಂಬ ಷರಾದ ಜೊತೆ. ಅಂದಿನಿಂದ ನಾನೂ ಬುದ್ಧಿವಂತನಾಗಿದ್ದೇನೆ. ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸಿ, ಸಂಜೆಯವರೆಗೆ ಮೌಸನ್ನು ಆ ಕಡೆ ಈ ಕಡೆ ಆಡಿಸುತ್ತಿರುತ್ತೇನೆ, ಹುಬ್ಬು ಗಂಟಿಕ್ಕಿಕೊಂಡು.

ಆದರೂ ಬಾಯಿ ಸುಮ್ಮನಿರಬೇಕಲ್ಲ. ಆ ಸುತ್ತೋಲೆ ಮತ್ತೆ ಓಡಾಡಲು ಶುರು ಮಾಡಿದ ದಿನ ತಡೆಯಲಾಗದೆ, 'ಸರ್, ಒಳಗೇನಾಗಿದೆ ತೋರಿಸ್ತೀನಿ ನೋಡಿ' ಅಂತ ಅವರ ಕೀಬೋರ್ಡಿಗೆ ಕೈ ಹಾಕಿ ಕಂಟ್ರೋಲ್ ಶಿಫ್ಟ್ 8 ಒತ್ತಿಬಿಟ್ಟೆ. ಇದು ಕಾಣದ್ದನ್ನು ಕಾಣಿಸುವ ಕೀಲಿ. ಒಂದು ಸ್ಪೇಸ್‌ಗೆ ಒಂದು ಚುಕ್ಕಿ, ಒಂದು ಟ್ಯಾಬ್‌ಗೆ ಒಂದು ಬಾಣ, ಒಂದು ಎಂಟರ್‌ಗೆ ಹೊಟ್ಟೆ ಮುಂದೆ ಮಾಡಿ ನಿಂತ ಹಿಂದುಮುಂದಾದ ಪಿ. ಪರದೆ ತುಂಬ ಇರುವೆ ಸಾಲು. ಶೀರ್ಷಿಕೆಯ ಎಡಕ್ಕೆ ಚುಕ್ಕಿಗಳ ಮೆರವಣಿಗೆ, ಸಹಿಯ ಮೇಲೆ ಪಿಗಳ ಕಂಬ, ನಡುನಡುವೆ ಯಾಕೆ ಬಂದವೋ ಅವಕ್ಕೇ ಗೊತ್ತಿಲ್ಲದ ನಾಲ್ಕು ಬಾಣ.

ಹಿರಿಯರು ಕುರ್ಚಿಯಿಂದ ಎದ್ದೇಬಿಟ್ಟರು. 'ಅಯ್ಯೋ, ವೈರಸ್ ಬಿಟ್ರಲ್ರೀ!'

ಸುದ್ದಿ ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಇಬ್ಬರು ತಮ್ಮ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ಒಬ್ಬರು ಪೆನ್‌ಡ್ರೈವ್ ತೆಗೆದು ಜೇಬಿನಲ್ಲಿ ಬಚ್ಚಿಟ್ಟುಕೊಂಡರು. ಅದು ನೀವೇ ಒತ್ತಿದ ಸ್ಪೇಸ್ ಸರ್, ಇಷ್ಟು ದಿನ ಕಾಣುತ್ತಿರಲಿಲ್ಲ ಅಷ್ಟೇ, ಅಂತ ನಾನು ಹೇಳುತ್ತಲೇ ಇದ್ದೆ. ಕಂಪ್ಯೂಟರ್ ವಿಭಾಗದ ಹುಡುಗ ಬಂದ. ನನ್ನ ಮುಖ ನೋಡಿದ, ಪರದೆ ನೋಡಿದ, ಅವನಿಗೆ ಎಲ್ಲ ಅರ್ಥವಾಯಿತು. ಅದೇ ಮೂರು ಕೀಲಿ ಒತ್ತಿದರೆ ಹೋಗುವಂಥದ್ದು. ಪಾಪಿ, ಎಲ್ಲರನ್ನೂ ದೂರ ನಿಲ್ಲಿಸಿ, ಇಪ್ಪತ್ತು ನಿಮಿಷ ಏನೇನೋ ಕಿಟಕಿ ತೆರೆದು ಮುಚ್ಚಿ, ಕೊನೆಗೆ ಆ ಮೂರು ಕೀಲಿ ಒತ್ತಿ, 'ಕ್ಲೀನ್ ಮಾಡಿದೀನಿ ಸರ್, ಇನ್ನು ತೊಂದರೆ ಇಲ್ಲ' ಎಂದ. ಈ ಆಫೀಸಿನಲ್ಲಿ ಮುಂದೆ ಬರುವವನು ಅವನೇ.

ಮರುದಿನ ಹೊಸ ಸುತ್ತೋಲೆ ಬಂತು. ಸಿಬ್ಬಂದಿ ಯಾರೂ ಕೀಬೋರ್ಡಿನ ಅನವಶ್ಯಕ ಕೀಲಿಗಳನ್ನು ಒಟ್ಟೊಟ್ಟಿಗೆ ಒತ್ತತಕ್ಕದ್ದಲ್ಲ, ಒತ್ತಿದರೆ ಆಗುವ ಹಾನಿಗೆ ಅವರೇ ಹೊಣೆ. ಮೇಲೆ ಶೀರ್ಷಿಕೆ ದಪ್ಪಗೆ, ಓರೆಯಾಗಿ, ಒತ್ತಕ್ಷರದ ಕುತ್ತಿಗೆ ಕುಯ್ದುಕೊಂಡು, ಮಧ್ಯದಿಂದ ಎರಡು ಬೆರಳು ಬಲಕ್ಕಿತ್ತು. ಕೆಳಗೆ 'ಓದಿ ತಿಳಿದುಕೊಂಡಿದ್ದೇನೆ, ಸಹಿ' ಅಂತ ಬರೆದು ಒಂದೊಂದೇ ಅಂಡರ್‌ಸ್ಕೋರ್ ಒತ್ತಿ ಉದ್ದಕ್ಕೆ ಗೀಟು ಎಳೆದಿದ್ದರು. ಗೀಟು ಸಾಲಿನಲ್ಲಿ ಹಿಡಿಸದೆ, ಕೊನೆಯ ಮೂರು ತುಂಡು ಎರಡನೇ ಪುಟಕ್ಕೆ ಹೋಗಿ ಕೂತಿದ್ದವು. ಆ ಪುಟದಲ್ಲಿ ಬೇರೇನೂ ಇರಲಿಲ್ಲ.

ನಾನು ಅಲ್ಲೇ ಸಹಿ ಹಾಕಿದೆ.